1 ಜಿಬಿ ರ‍್ಯಾಮ್‌ನ ಅಗ್ಗದ ಕ್ಲೌಡ್ ಸರ್ವರ್: ವೆಬ್‌ಸೈಟ್ ಬಿಟ್ಟು ಐಟಿ ಕೆಲಸಕ್ಕೆ ಏನೇನು ಮಾಡಿಸಬಹುದು?

ಬಿಳಿಪರದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಣ್ಣದೊಂದು ಕ್ಲೌಡ್ ಸರ್ವರ್ ಇದೆ: 1 ವರ್ಚುವಲ್ ಸಿಪಿಯು, 1 ಜಿಬಿ ರ‍್ಯಾಮ್, 25 ಜಿಬಿ ಎಸ್‌ಎಸ್‌ಡಿ, ತಿಂಗಳಿಗೆ 1 ಟಿಬಿ ಟ್ರಾಫಿಕ್, ಒಂದು ಪಬ್ಲಿಕ್ ಐಪಿವಿ4 ವಿಳಾಸ. ಉಬುಂಟು 24.04 ಹಾಕಿದೆ. ಬ್ಲಾಗ್, ವರ್ಡ್‌ಪ್ರೆಸ್ ಯಾವುದೂ ಬೇಡ. ಸಿಸ್ಟಂ ಅಡ್ಮಿನ್ ಮತ್ತು ಡೆವಲಪ್‌ಮೆಂಟ್ ಎರಡೂ ಮಾಡುವವರಿಗೆ ದಿನನಿತ್ಯದ ಕೆಲಸದಲ್ಲಿ ಇದು ನಿಜವಾಗಿ ಎಲ್ಲಿ ನೆರವಾಗುತ್ತದೆ?

ಮನೆಯಲ್ಲಿ ಒಂದು ಲ್ಯಾಬ್ ಮೆಷಿನ್ ಇದೆ, ಆದರೆ ಇಂಟರ್ನೆಟ್ ಕೊಡುವವರು ಪಬ್ಲಿಕ್ ವಿಳಾಸ ಕೊಡುವುದಿಲ್ಲ. ರೂಟರ್‌ನ ಹೊರಮುಖದಲ್ಲಿ 100.72ರಿಂದ ಶುರುವಾಗುವ ವಿಳಾಸ ಕಾಣುತ್ತದೆ. ಹೊರಗಿನಿಂದ ಅದನ್ನು ತಲುಪುವ ದಾರಿಯೂ ಬೇಕು. ಇಷ್ಟು ಸಣ್ಣ ಮೆಷಿನ್ ಮೇಲೆ ಏನನ್ನು ಹಾಕಲೇಬಾರದು ಎನ್ನುವುದನ್ನೂ ದಯವಿಟ್ಟು ತಿಳಿಸಿ.

ಹಳೇಕರ್ನಲ್:

ಇಂಥ ಸರ್ವರ್‌ನಿಂದ ಸಿಪಿಯು ಬಲ ನಿರೀಕ್ಷಿಸಬೇಡಿ, ನಿಮ್ಮ ಲ್ಯಾಪ್‌ಟಾಪೇ ಅದಕ್ಕಿಂತ ಎಷ್ಟೋ ಜೋರು. ಅದರ ಬೆಲೆ ಇರುವುದು ಎರಡು ಗುಣಗಳಲ್ಲಿ: ಹಗಲು ರಾತ್ರಿ ಎಚ್ಚರವಾಗಿರುತ್ತದೆ, ನಿಮ್ಮ ನೆಟ್‌ವರ್ಕ್‌ನ ಹೊರಗೆ ಸ್ಥಿರವಾದ ವಿಳಾಸದಲ್ಲಿ ಕೂತಿರುತ್ತದೆ. ಈ ಎರಡು ಗುಣ ಬೇಕಾದ ಕೆಲಸವನ್ನೇ ಕೊಡಿ. ವಿಪಿಎನ್ ಕೇಂದ್ರ, ಹೊರಗಿನಿಂದ ಮಾನಿಟರಿಂಗ್, ಜಂಪ್ ಹೋಸ್ಟ್ (ಬೇರೆ ಸರ್ವರ್‌ಗಳಿಗೆ ಹೋಗುವ ಮೊದಲ ಮೆಟ್ಟಿಲು), ಬೇರೆ ಜಾಗದಲ್ಲಿರುವ ಒಂದು ಬ್ಯಾಕಪ್ ಪ್ರತಿ, ಆನ್ಸಿಬಲ್ (ಸರ್ವರ್ ಸಜ್ಜುಗೊಳಿಸುವ) ಸ್ಕ್ರಿಪ್ಟ್‌ಗಳನ್ನು ಸೊನ್ನೆಯಿಂದ ಓಡಿಸಿ ನೋಡುವ ಜಾಗ. ಈ ಐದಕ್ಕೆ ಇದು ಧಾರಾಳ ಸಾಕು.

ಏನು ಹಾಕುವ ಮುಂಚೆಯೂ ತಳಪಾಯ ಗಟ್ಟಿ ಮಾಡಿ. ಮೊದಲು ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ. ಹೆಚ್ಚಿನ ಕ್ಲೌಡ್ ಇಮೇಜ್‌ಗಳಲ್ಲಿ ಸ್ವಾಪ್ ಇರುವುದೇ ಇಲ್ಲ, 1 ಜಿಬಿಯಲ್ಲಿ ಒಂದು ಅಪ್‌ಗ್ರೇಡ್ ಓಡುವಾಗಲೂ ಮೆಮೊರಿ ಮುಗಿದು ಕರ್ನಲ್ಲಿನ ಓಓಎಂ ಕಿಲ್ಲರ್ ಬಂದು ದೊಡ್ಡ ಪ್ರೊಸೆಸ್ ಒಂದನ್ನು ಕೊಂದು ಹೋಗಬಹುದು. 2 ಜಿಬಿ ಫೈಲ್ ಮಾಡಿ, ಪರ್ಮಿಷನ್ 600 ಕೊಟ್ಟು, ಎಂಕೆಸ್ವಾಪ್, ಸ್ವಾಪ್‌ಆನ್ ಓಡಿಸಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಸಾಲು ಸೇರಿಸಿ. ಸ್ವಾಪಿನೆಸ್ (ಸ್ವಾಪ್ ಕಡೆಗೆ ವಾಲುವ ಒಲವು) 60 ಇರುತ್ತದೆ, ಅದನ್ನು 10ಕ್ಕೆ ಇಳಿಸಿ.

ಇನ್ನು ಎಸ್‌ಎಸ್‌ಎಚ್, ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ದಾರಿ. ಇಲ್ಲಿ ಉಬುಂಟುವಿನಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ ಪಾಸ್‌ವರ್ಡ್ ಅಥೆಂಟಿಕೇಷನ್‌ಗೆ 'ನೋ' ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ಪಾಸ್‌ವರ್ಡ್ ಲಾಗಿನ್ ನಡೆಯುತ್ತಲೇ ಇರಬಹುದು. ಕಾರಣ: ಆ ಫೈಲ್ ತನ್ನ ಮೊದಲ ಸಾಲುಗಳಲ್ಲೇ ಉಪ ಡೈರೆಕ್ಟರಿಯಲ್ಲಿರುವ ಫೈಲ್‌ಗಳನ್ನು ಒಳಗೆ ತಂದುಕೊಳ್ಳುತ್ತದೆ. ಸರ್ವರ್ ಮೊದಲ ಸಲ ಏಳುವಾಗ ಸೆಟ್ಟಿಂಗ್ ಬರೆಯುವ ಕ್ಲೌಡ್-ಇನಿಟ್ ಅಲ್ಲಿ 50ರಿಂದ ಶುರುವಾಗುವ ಹೆಸರಿನ ಫೈಲ್ ಇಟ್ಟು 'ಯೆಸ್' ಅಂದಿರುತ್ತದೆ. ಎಸ್‌ಎಸ್‌ಎಚ್ ಸರ್ವರ್ ಒಂದು ಆಯ್ಕೆಗೆ ಮೊದಲು ಸಿಕ್ಕ ಮೌಲ್ಯವನ್ನೇ ಹಿಡಿಯುತ್ತದೆ, ಆಮೇಲೆ ಬಂದದ್ದನ್ನು ಬಿಡುತ್ತದೆ. ಆದ್ದರಿಂದ 10ರಿಂದ ಶುರುವಾಗುವ ಹೆಸರಿನ ನಿಮ್ಮದೇ ಫೈಲ್ ಆ ಡೈರೆಕ್ಟರಿಯಲ್ಲಿಡಿ. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ 'ಟಿ' ಆಯ್ಕೆ ಕೊಟ್ಟರೆ ನಿಜವಾಗಿ ಜಾರಿಯಾಗುವ ಮೌಲ್ಯಗಳು ಪೂರ್ತಿ ಕಾಣುತ್ತವೆ, ಅದನ್ನು ನೋಡದೆ ಮುಗಿಯಿತು ಅಂದುಕೊಳ್ಳಬೇಡಿ. ಈ ಕೆಲಸ ನಡೆಯುವಷ್ಟು ಹೊತ್ತು ಎರಡನೇ ಟರ್ಮಿನಲ್‌ನಲ್ಲಿ ಲಾಗಿನ್ ತೆರೆದೇ ಇರಲಿ. ಪೋರ್ಟ್ ಬದಲಿಸುವುದಾದರೆ 24.04ರಲ್ಲಿ ಆಲಿಸುವುದು ಸಿಸ್ಟಂಡಿಯ ಸಾಕೆಟ್ ಯೂನಿಟ್. ಡೀಮನ್-ರೀಲೋಡ್ ಮಾಡಿ ಆ ಸಾಕೆಟ್ ಯೂನಿಟ್ಟನ್ನೇ ರೀಸ್ಟಾರ್ಟ್ ಮಾಡಬೇಕು.

ಲಾಗ್‌ಗಳಿಗೂ ಬೇಲಿ ಬೇಕು. ಸಿಸ್ಟಂನ ಲಾಗ್ ಸಂಗ್ರಹವಾದ ಜರ್ನಲ್ ತಾನಾಗಿ ಡಿಸ್ಕಿನ ಹತ್ತನೇ ಒಂದು ಭಾಗದವರೆಗೆ ಬೆಳೆಯುತ್ತದೆ, ಅಂದರೆ ನಿಮ್ಮಲ್ಲಿ 2.5 ಜಿಬಿ. 200 ಎಂಬಿಗೆ ಮಿತಿ ಹಾಕಿ. ಸೆಕ್ಯುರಿಟಿ ಅಪ್‌ಡೇಟ್‌ಗಳಿಗೆ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಚಾಲೂ ಇದೆಯೇ ನೋಡಿ. ಇಷ್ಟಾದ ಮೇಲೆ ಉಳಿದದ್ದು.

ತಂತಿಜಾಲ:

100.72 ಅಂದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದೀರಿ. 100.64ರಿಂದ 100.127ರವರೆಗಿನ ವಿಳಾಸಗಳನ್ನು ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಫಲವಿಲ್ಲ, ಏಕೆಂದರೆ ಪ್ಯಾಕೆಟ್ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಒಳಗಿನಿಂದ ಹೊರಗೆ ಹೋಗುವ ದಾರಿ ಮಾತ್ರ ತೆರೆದಿದೆ. ಮನೆಯ ಮೆಷಿನ್ ತಾನೇ ಕ್ಲೌಡ್ ಸರ್ವರ್‌ಗೆ ಟನಲ್ (ಎನ್‌ಕ್ರಿಪ್ಟ್ ಆದ ದಾರಿ) ಕಟ್ಟಲಿ, ಲ್ಯಾಪ್‌ಟಾಪ್ ಕೂಡ ಅಲ್ಲಿಗೇ ಬರಲಿ, ಇಬ್ಬರೂ ಅಲ್ಲಿ ಸೇರಲಿ. ಇಂಥ ಸಣ್ಣ ಸರ್ವರ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಇದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ. ಲಿನಕ್ಸ್ ಕರ್ನಲ್ 5.6ರಿಂದ, ಅಂದರೆ 2020ರಿಂದ, ಅದು ಕರ್ನಲ್ಲಿನ ಒಳಗೇ ಇದೆ. ಮೆಮೊರಿ ತಿನ್ನುವುದು ಲೆಕ್ಕಕ್ಕೇ ಬಾರದಷ್ಟು.

ವಿಳಾಸ ಹೀಗೆ ಹಂಚಿ: ಸರ್ವರ್‌ಗೆ 10.66.0.1, ಲ್ಯಾಬ್ ಮೆಷಿನ್‌ಗೆ 10.66.0.2, ಲ್ಯಾಪ್‌ಟಾಪ್‌ಗೆ 10.66.0.3. ಮನೆಯ ಲ್ಯಾನ್ 192.168.1.0/24 ಆಗಿದ್ದರೆ ಈಗಲೇ 192.168.50.0/24ಕ್ಕೋ ಇನ್ನೊಂದಕ್ಕೋ ಬದಲಿಸಿಕೊಳ್ಳಿ. ನೀವು ಹೋಗಿ ಕೂರುವ ಜಾಗದ ವೈಫೈ ಕೂಡ 192.168.1 ಆಗಿದ್ದರೆ ಲ್ಯಾಪ್‌ಟಾಪ್‌ಗೆ ಎರಡರಲ್ಲಿ ಯಾವುದು ಮನೆ ಎಂದು ತಿಳಿಯುವುದಿಲ್ಲ. ಆಗ ಟನಲ್ ಸರಿಯಿದ್ದೂ ಏನೂ ತೆರೆಯದು.

ಮೂರೂ ಕಡೆ ಕೀ ಜೋಡಿ ಮಾಡಿ, ಖಾಸಗಿ ಕೀ ಆಯಾ ಮೆಷಿನ್ನಿನಲ್ಲೇ ಉಳಿಯಲಿ. ಸರ್ವರ್‌ನಲ್ಲಿ ಯುಡಿಪಿ 51820 ಆಲಿಸಲಿ. ಅಲ್ಲಿ ಲ್ಯಾಬ್ ಪಿಯರ್‌ನ (ಟನಲ್‌ನ ಇನ್ನೊಂದು ತುದಿಯ) ಅಲೋಡ್ ಐಪಿಗಳಲ್ಲಿ, ಅಂದರೆ ಅದರ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿಯಲ್ಲಿ, 10.66.0.2/32 ಮತ್ತು 192.168.50.0/24 ಎರಡನ್ನೂ ಬರೆಯಿರಿ, ಲ್ಯಾಪ್‌ಟಾಪ್ ಪಿಯರ್‌ಗೆ 10.66.0.3/32 ಮಾತ್ರ. ಲ್ಯಾಪ್‌ಟಾಪ್ ಕಡೆ ಸರ್ವರ್ ಪಿಯರ್‌ಗೆ 10.66.0.0/24 ಮತ್ತು 192.168.50.0/24. ಲ್ಯಾಬ್ ಕಡೆ 10.66.0.0/24, ಜೊತೆಗೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್. ಈ 25 ಬಿಟ್ಟರೆ ಟನಲ್ ಕಟ್ಟಿದಾಗ ಚೆನ್ನಾಗಿ ನಡೆದು, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಹೊರಗಿನಿಂದ ಸಿಗುವುದಿಲ್ಲ. ನಡುವಿನ ನ್ಯಾಟ್ (ವಿಳಾಸ ಬದಲಿಸುವ ಸಾಧನ) ತನ್ನ ಪಟ್ಟಿಯಿಂದ ಆ ಯುಡಿಪಿ ನಮೂದನ್ನು ಅಳಿಸಿಬಿಟ್ಟಿರುತ್ತದೆ.

ಸರ್ವರ್ ಮತ್ತು ಲ್ಯಾಬ್ ಮೆಷಿನ್ ಎರಡರಲ್ಲೂ ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ಮುಂದಕ್ಕೆ ದಾಟಿಸುವ ಸೆಟ್ಟಿಂಗ್) 1 ಆಗಬೇಕು, ರೀಬೂಟ್ ಆದಮೇಲೂ ಉಳಿಯುವಂತೆ ಸಿಸ್‌ಸಿಟಿಎಲ್ ಫೈಲ್‌ನಲ್ಲೇ ಬರೆಯಿರಿ. ಲ್ಯಾನ್‌ನ ಇತರ ಸಾಧನಗಳು ಉತ್ತರ ಕಳಿಸಬೇಕಾದರೆ ಮನೆಯ ರೂಟರ್‌ನಲ್ಲಿ 10.66.0.0/24ಕ್ಕೆ ಲ್ಯಾಬ್ ಮೆಷಿನ್ ದಾರಿ ಎಂದು ಸ್ಟ್ಯಾಟಿಕ್ ರೂಟ್ ಕೊಡಿ. ರೂಟರ್ ಅದಕ್ಕೆ ಬಿಡದಿದ್ದರೆ ಲ್ಯಾಬ್ ಮೆಷಿನ್‌ನಲ್ಲಿ ಮಾಸ್ಕರೇಡ್ ಹಾಕಿ, ಆಗ ಪ್ಯಾಕೆಟ್ ಲ್ಯಾಬ್ ಮೆಷಿನ್‌ನದೇ ವಿಳಾಸ ಹೊತ್ತು ಹೋಗುತ್ತದೆ.

ಕೈಕೊಡುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಕ್ಲೌಡ್ ಕಂಪನಿಯ ಪ್ಯಾನೆಲ್‌ನಲ್ಲಿ ಬೇರೆಯೇ ಒಂದು ಫೈರ್‌ವಾಲ್ ಇರಬಹುದು, ಅಲ್ಲೂ ಯುಡಿಪಿ 51820 ತೆರೆಯಬೇಕು. ಗೊತ್ತಿಲ್ಲದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಪೋರ್ಟ್ ಸ್ಕ್ಯಾನ್ ಮಾಡಿ ತೆರೆದಿದೆಯೇ ಎಂದು ತಿಳಿಯಲಾಗದು. ಡಬ್ಲ್ಯೂಜಿ ಶೋ ಕೊಟ್ಟು ಕೊನೆಯ ಹ್ಯಾಂಡ್‌ಶೇಕ್ ಯಾವಾಗ ಆಯಿತು ನೋಡುವುದೇ ದಾರಿ. ಹ್ಯಾಂಡ್‌ಶೇಕ್ ಆಗಿಯೂ ಲ್ಯಾಪ್‌ಟಾಪ್‌ನಿಂದ ಲ್ಯಾಬ್‌ಗೆ ಪಿಂಗ್ ಹೋಗದಿದ್ದರೆ ಮೊದಲು ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಮೇಲೆ ಅನುಮಾನ ಪಡಿ, ಅದು ಹಾದುಹೋಗುವ ಪ್ಯಾಕೆಟ್‌ಗಳನ್ನು ತಾನಾಗಿ ತಡೆಯುತ್ತದೆ. ಟನಲ್‌ನಿಂದ ಟನಲ್‌ಗೇ ದಾಟಲು 'ರೂಟ್ ಅಲೋ' ನಿಯಮ ಸೇರಿಸಿ. ಎರಡು ಪಿಯರ್‌ಗಳಿಗೆ ಒಂದೇ ಅಲೋಡ್ ಐಪಿ ಬರೆದರೆ ಆಮೇಲಿನದು ಗೆಲ್ಲುತ್ತದೆ, ಮೊದಲಿನದು ಯಾವ ಎರರ್ ಕೂಡ ಇಲ್ಲದೆ ಸತ್ತಿರುತ್ತದೆ.

ಟ್ರಾಫಿಕ್ ಲೆಕ್ಕ: ಮನೆಯಿಂದ 10 ಜಿಬಿ ಫೈಲ್ ಲ್ಯಾಪ್‌ಟಾಪ್‌ಗೆ ತಂದರೆ ಸರ್ವರ್‌ಗೆ 10 ಬರುತ್ತದೆ, ಅಲ್ಲಿಂದ 10 ಹೋಗುತ್ತದೆ. ಹೊರಗೆ ಹೋದದ್ದನ್ನು ಮಾತ್ರ ಎಣಿಸುವವರಿದ್ದಾರೆ, ಎರಡನ್ನೂ ಎಣಿಸುವವರೂ ಇದ್ದಾರೆ. ಸೆಕೆಂಡಿಗೆ 1 ಮೆಗಾಬಿಟ್ ಹರಿವು 30 ದಿನ ನಿಲ್ಲದೆ ನಡೆದರೆ 324 ಜಿಬಿ ಆಗುತ್ತದೆ. ಅಂದರೆ ನಿಮ್ಮ 1 ಟಿಬಿ ಎಂದರೆ ನಿರಂತರವಾಗಿ 3 ಮೆಗಾಬಿಟ್‌ನಷ್ಟು. ಎಸ್‌ಎಸ್‌ಎಚ್‌ಗೆ, ಅಡ್ಮಿನ್ ಪುಟಗಳಿಗೆ ಇದು ಬೇಕಾದಷ್ಟಾಯಿತು, ಕ್ಯಾಮೆರಾ ವಿಡಿಯೊ ದಿನವಿಡೀ ಹರಿಸಲು ಸಾಲದು.

ಕಚೇರಿಯ ನೆಟ್‌ವರ್ಕ್‌ನೊಳಗಿಂದ ಇಂಥ ಟನಲ್ ಕಟ್ಟುವುದಾದರೆ ಭದ್ರತಾ ತಂಡದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಒಪ್ಪಿಗೆಯಿಲ್ಲದ ಟನಲ್ ಅವರ ಫೈರ್‌ವಾಲ್‌ಗೆ ಕೊರೆದ ತೂತು.

ಗಂಟೆಗೊಮ್ಮೆ:

ಮಾನಿಟರಿಂಗ್ ಬಗ್ಗೆ ಬರೆಯುತ್ತೇನೆ. ಕಾಯುವವನು ಕಾಯುವ ವಸ್ತುವಿನ ಜೊತೆ ಒಂದೇ ಕಟ್ಟಡದಲ್ಲಿರಬಾರದು. ಕಚೇರಿಯ ಲಿಂಕ್ ಬಿದ್ದಾಗ ಕಚೇರಿಯೊಳಗಿನ ಮಾನಿಟರ್‌ಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ, ಕೆಂಪಾದರೂ ಆ ಸುದ್ದಿ ಹೊರಗೆ ಬರದು.

ಅಪ್‌ಟೈಮ್ ಕುಮಾ ಎಂಬ ಮಾನಿಟರಿಂಗ್ ತಂತ್ರಾಂಶ ಇಂಥ ಸರ್ವರ್‌ಗೆ ಹೇಳಿ ಮಾಡಿಸಿದಂತಿದೆ, ಪೋರ್ಟ್ 3001ರಲ್ಲಿ ಓಡುತ್ತದೆ. ಅಂತರ 60 ಸೆಕೆಂಡ್ ಇಡಿ, ಮೂರು ಸಲ ಸತತ ವಿಫಲವಾದ ಮೇಲೆ ಮಾತ್ರ ಎಚ್ಚರಿಕೆ ಬರಲಿ. ಒಂದು ಪ್ಯಾಕೆಟ್ ಕಳೆದದ್ದಕ್ಕೆಲ್ಲ ಫೋನ್ ಕೂಗಿದರೆ ಎರಡು ವಾರದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಬರೀ 200 ಕೋಡ್ (ಪುಟ ಸರಿಯಾಗಿ ಬಂತು ಎಂಬ ಸೂಚನೆ) ನೋಡಿ ಸುಮ್ಮನಾಗಬೇಡಿ, ಡೇಟಾಬೇಸ್ ಸತ್ತಿದ್ದರೂ ಕೆಲವು ಅಪ್ಲಿಕೇಷನ್‌ಗಳು ಎರರ್ ಪುಟವನ್ನು 200 ಕೊಟ್ಟೇ ಕಳಿಸುತ್ತವೆ. ಪುಟದಲ್ಲಿ ಇರಲೇಬೇಕಾದ ಒಂದು ಪದವನ್ನು ಹುಡುಕುವ ಕೀವರ್ಡ್ ಪರೀಕ್ಷೆ ಹಾಕಿ. ಸರ್ಟಿಫಿಕೇಟ್ ಮುಗಿಯಲು 14 ದಿನ ಇರುವಾಗ ಎಚ್ಚರಿಸಲಿ. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್ ಸಾಮಾನ್ಯವಾಗಿ 30 ದಿನ ಉಳಿದಾಗಲೇ ನವೀಕರಣಗೊಳ್ಳುತ್ತದೆ. ಆದ್ದರಿಂದ 14ರವರೆಗೆ ಇಳಿಯಿತೆಂದರೆ ನವೀಕರಣ ಎಲ್ಲೋ ಮುರಿದಿದೆ ಎಂದೇ ಅರ್ಥ, ಸಾಮಾನ್ಯವಾಗಿ ಯಾರೋ ಪೋರ್ಟ್ 80 ಮುಚ್ಚಿರುತ್ತಾರೆ.

ಕ್ರಾನ್ ಕೆಲಸಗಳಿಗೆ, ಅಂದರೆ ನಿಗದಿತ ಹೊತ್ತಿಗೆ ತಾನಾಗಿ ಓಡುವವಕ್ಕೆ, ಇದರಲ್ಲಿರುವ ಪುಶ್ ಮಾನಿಟರ್ ಬಳಸಿ; ಕೆಲಸದಿಂದ ಸುದ್ದಿ ಬಾರದಿದ್ದರೆ ಅದು ಎಚ್ಚರಿಸುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದರೆ ಮಾತ್ರ ಕರ್ಲ್‌ನಿಂದ ಆ ವಿಳಾಸವನ್ನು ಮುಟ್ಟಬೇಕು, ನಡುವೆ ಎರಡು ಆ್ಯಂಪರ್‌ಸ್ಯಾಂಡ್ ಇರಲಿ. ಸೆಮಿಕೋಲನ್ ಹಾಕಿದರೆ ಬ್ಯಾಕಪ್ ಬಿದ್ದರೂ 'ಚೆನ್ನಾಗಿದೆ' ಎಂದು ಸುದ್ದಿ ಹೋಗುತ್ತದೆ. ಕೆಲಸ ದಿನಕ್ಕೊಮ್ಮೆಯಾದರೆ ಮಿತಿ 26 ಗಂಟೆ ಇಡಿ, ಸ್ವಲ್ಪ ತಡವಾದರೂ ಸುಳ್ಳು ಎಚ್ಚರಿಕೆ ಬಾರದು. ಇತಿಹಾಸವನ್ನು 30 ದಿನಕ್ಕೆ ಇಳಿಸಿ, ಇಲ್ಲದಿದ್ದರೆ ಎಸ್‌ಕ್ಯೂಲೈಟ್ ಫೈಲ್ ಊದಿಕೊಂಡು ಡ್ಯಾಶ್‌ಬೋರ್ಡ್ ನಿಧಾನವಾಗುತ್ತದೆ.

ಎಚ್ಚರಿಕೆಯನ್ನು ಇಮೇಲ್‌ನಲ್ಲಿ ಕಳಿಸುವುದಾದರೆ ನೇರವಾಗಿ ಪೋರ್ಟ್ 25ರಿಂದ ಆಗದು, ಬಹುತೇಕ ಕ್ಲೌಡ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. ಬೇರೊಂದು ಮೇಲ್ ಸೇವೆಗೆ 587ರಲ್ಲಿ ಲಾಗಿನ್ ಆಗಿ ಕಳಿಸಿ, ಅಥವಾ ಟೆಲಿಗ್ರಾಂ ಬಾಟ್ ಬಳಸಿ.

ಪೆಟ್ಟಿಗೆ22:

ಮೇಲಿನ ಮಾತಿಗೆ ಒಂದು ತುರ್ತು ಸೇರ್ಪಡೆ. ಕುಮಾವನ್ನು ಡಾಕರ್‌ನಲ್ಲಿ (ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಸಾಧನ) ಓಡಿಸಿ ಪೋರ್ಟನ್ನು ಬರೀ 3001:3001 ಎಂದು ಪಬ್ಲಿಷ್ ಮಾಡಿದರೆ ಯುಎಫ್‌ಡಬ್ಲ್ಯೂನಲ್ಲಿ ಆ ಪೋರ್ಟ್ ಮುಚ್ಚಿದ್ದರೂ ಇಡೀ ಇಂಟರ್ನೆಟ್‌ಗೆ ತೆರೆದಿರುತ್ತದೆ. ಡಾಕರ್ ತನ್ನ ನಿಯಮಗಳನ್ನು ಐಪಿಟೇಬಲ್ಸ್‌ನ ನ್ಯಾಟ್ ಹಂತದಲ್ಲಿ ಬರೆಯುತ್ತದೆ, ಪ್ಯಾಕೆಟ್ ಯುಎಫ್‌ಡಬ್ಲ್ಯೂ ಕಾಯುವ ಇನ್‌ಪುಟ್ ಚೈನ್‌ಗೆ ಬರುವುದೇ ಇಲ್ಲ. 127.0.0.1:3001:3001 ಎಂದು ಕಟ್ಟಿ ಮುಂದೆ ಕ್ಯಾಡಿ ಎಂಬ ವೆಬ್ ಸರ್ವರ್ ನಿಲ್ಲಿಸಿ, ಇಲ್ಲವೇ 10.66.0.1ಕ್ಕೆ ಕಟ್ಟಿ ಟನಲ್‌ನೊಳಗಿಂದ ಮಾತ್ರ ನೋಡಿ. ಎರಡನೆಯದರಲ್ಲಿ ರೀಬೂಟ್ ಆದಾಗ ವೈರ್‌ಗಾರ್ಡ್‌ಗಿಂತ ಮೊದಲು ಡಾಕರ್ ಎದ್ದರೆ ಆ ವಿಳಾಸ ಇನ್ನೂ ಇಲ್ಲದೆ ಕಂಟೇನರ್ ಏಳುವುದಿಲ್ಲ, ಡಾಕರ್ ಯೂನಿಟ್‌ಗೆ ವೈರ್‌ಗಾರ್ಡ್ ಆದಮೇಲೆ ಎಂದು ಕ್ರಮ ಬರೆಯಿರಿ.

ಡಾಕರ್ ಲಾಗ್‌ಗಳಿಗೂ ಮಿತಿ ಇರುವುದಿಲ್ಲ. ಡೀಮನ್ ಫೈಲ್‌ನಲ್ಲಿ ಗಾತ್ರ 10 ಎಂಬಿ, ಫೈಲ್ 3 ಎಂದು ಕೊಡಿ. ಹಳೆಯ ಕಂಟೇನರ್‌ಗಳಿಗೆ ಅದು ತಾಗುವುದಿಲ್ಲ, ಅಳಿಸಿ ಮತ್ತೆ ಮಾಡಬೇಕು.

ಹಳೇಕರ್ನಲ್:

ಬ್ಯಾಕಪ್ ಬಗ್ಗೆ ಯಾರೂ ಬರೆಯಲಿಲ್ಲ. 25 ಜಿಬಿಯಲ್ಲಿ ಸಿಸ್ಟಂ, ಸ್ವಾಪ್, ಖಾಲಿ ಬಿಡಬೇಕಾದ ಜಾಗ ಕಳೆದರೆ 15 ಜಿಬಿ ಸಿಗುತ್ತದೆ. ಫೋಟೊ, ವಿಡಿಯೊಗೆ ಅಲ್ಲ. ಡೇಟಾಬೇಸ್ ಡಂಪ್, ಗಿಟ್ ರೆಪೊಸಿಟರಿ, ಕಾನ್ಫಿಗ್ ಫೈಲ್, ರೂಟರ್-ಸ್ವಿಚ್‌ಗಳ ಎಕ್ಸ್‌ಪೋರ್ಟ್‌ಗಳಿಗೆ ಧಾರಾಳ.

ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸಿ, ಡೇಟಾ ನಿಮ್ಮ ಮೆಷಿನ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಹೊರಡುತ್ತದೆ. ಸರ್ವರ್ ಕಡೆ ಅದರ ಜೊತೆಗಾರ ರೆಸ್ಟ್-ಸರ್ವರ್ ಅನ್ನು ಅಪೆಂಡ್-ಓನ್ಲಿ ಆಯ್ಕೆಯೊಡನೆ ಓಡಿಸಿ, ವೈರ್‌ಗಾರ್ಡ್ ವಿಳಾಸದಲ್ಲಿ ಮಾತ್ರ. ಬರೀ ಎಸ್‌ಎಫ್‌ಟಿಪಿಯಲ್ಲಿ ಕಳಿಸಿದರೆ ಮೂಲ ಮೆಷಿನ್‌ಗೆ ರ‍್ಯಾನ್ಸಮ್‌ವೇರ್ ಹೊಕ್ಕಾಗ ಅದೇ ಕೀ ಬಳಸಿ ಬ್ಯಾಕಪ್ಪನ್ನೂ ಅಳಿಸಬಹುದು. ಅಪೆಂಡ್-ಓನ್ಲಿಯಲ್ಲಿ ಸೇರಿಸಲು ಬರುತ್ತದೆ, ಅಳಿಸಲು ಬರುವುದಿಲ್ಲ. ಹಳೆಯದನ್ನು ತೆಗೆಯುವ ಕೆಲಸವನ್ನು ಕ್ಲೌಡ್ ಸರ್ವರ್‌ಗೆ ನೀವೇ ಲಾಗಿನ್ ಆಗಿ ತಿಂಗಳಿಗೊಮ್ಮೆ ಮಾಡಿ, ಸ್ನ್ಯಾಪ್‌ಶಾಟ್ (ಒಂದೊಂದು ಸಲದ ಬ್ಯಾಕಪ್) ಪಟ್ಟಿಯನ್ನು ಕಣ್ಣಾರೆ ನೋಡಿದ ಮೇಲೆ. ಮೂಲ ಮೆಷಿನ್ ವಶಕ್ಕೆ ಪಡೆದವನು ನೂರಾರು ಖಾಲಿ ಸ್ನ್ಯಾಪ್‌ಶಾಟ್ ತುಂಬಿದ್ದರೆ 'ಕೊನೆಯ 7 ಉಳಿಸು' ಎಂಬ ನಿಯಮ ಒಳ್ಳೆಯ ಪ್ರತಿಗಳನ್ನೇ ಅಳಿಸುತ್ತದೆ.

ವಾರಕ್ಕೊಮ್ಮೆ ಚೆಕ್ ಓಡಿಸಿ, ಅದರಲ್ಲಿ ಡೇಟಾದ ಶೇಕಡಾ 5ನ್ನು ನಿಜವಾಗಿ ಓದಿಸಿ. ತಿಂಗಳಿಗೊಮ್ಮೆ ಒಂದು ಡಂಪ್ ಹೊರತೆಗೆದು ಖಾಲಿ ಡೇಟಾಬೇಸ್‌ಗೆ ಏರಿಸಿ ನೋಡಿ. ರೆಪೊಸಿಟರಿಯ ಪಾಸ್‌ವರ್ಡ್ ಮೂಲ ಮೆಷಿನ್‌ನಲ್ಲಿ ಮಾತ್ರ ಇದ್ದರೆ ಆ ಮೆಷಿನ್ ಸುಟ್ಟ ದಿನ ಬ್ಯಾಕಪ್ ಕೂಡ ಹೋದಂತೆಯೇ, ಕಾಗದದಲ್ಲೂ ಒಂದು ಪ್ರತಿ ಇರಲಿ. ಕ್ಲೌಡ್ ಕಂಪನಿ ಕೊಡುವ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ಎಣಿಸಬೇಡಿ. ಅದು ಅದೇ ಖಾತೆಯಲ್ಲಿರುತ್ತದೆ, ಪಾವತಿ ತಪ್ಪಿ ಖಾತೆ ಮುಚ್ಚಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಹಾಕಬಾರದ್ದು: ಮೊದಲನೆಯದು ಮೇಲ್ ಸರ್ವರ್. ಪೋರ್ಟ್ 25 ತೆರೆಸಿ, ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಕಳಿಸುವವರ ಗುರುತು ಸಾಬೀತು ಮಾಡುವ ದಾಖಲೆಗಳು) ಎಲ್ಲ ಸರಿ ಮಾಡಿದರೂ ಅಗ್ಗದ ವಿಳಾಸಗಳ ಸಾಲಿನಲ್ಲಿ ಹಿಂದೆ ಯಾರೋ ಸ್ಪ್ಯಾಮ್ ಕಳಿಸಿರುತ್ತಾರೆ, ನಿಮ್ಮ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಗಿಟ್‌ಲ್ಯಾಬ್, ಎಲಾಸ್ಟಿಕ್‌ಸರ್ಚ್‌ಗೆ ಈ ಮೆಮೊರಿ ಏನೇನೂ ಸಾಲದು. ಗಿಟ್ ಬೇಕಾದರೆ ಫೋರ್ಜೆಯೊ (Forgejo) ಹಾಕಿ, ಎಸ್‌ಕ್ಯೂಲೈಟ್ ಜೊತೆ ಹಗುರವಾಗಿ ಓಡುತ್ತದೆ. ಡಿಎನ್‌ಎಸ್ ರಿಸಾಲ್ವರ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು) ಇಟ್ಟರೆ ಪೋರ್ಟ್ 53 ಟನಲ್‌ಗೆ ಮಾತ್ರ ತೆರೆಯಲಿ. ಜಗತ್ತಿಗೆ ತೆರೆದ ರಿಸಾಲ್ವರನ್ನು ದಾಳಿಕೋರರು ಬೇಗ ಹುಡುಕಿ ಬೇರೆಯವರ ಮೇಲೆ ಪ್ಯಾಕೆಟ್ ಮಳೆ ಸುರಿಸಲು ಬಳಸುತ್ತಾರೆ. ದೊಡ್ಡ ಬಿಲ್ಡ್‌ಗಳೂ ಬೇಡ: ಎಗ್ಸಿಟ್ ಕೋಡ್ 137 ಬಂದರೆ 128ಕ್ಕೆ 9 ಸೇರಿದ್ದು, ಸಾಮಾನ್ಯವಾಗಿ ಮೆಮೊರಿ ಮುಗಿದು ಕರ್ನಲ್ ಕೊಂದದ್ದು. ಬೇರೆಡೆ ಬಿಲ್ಡ್ ಮಾಡಿ ಇಮೇಜ್ ಮಾತ್ರ ಇಲ್ಲಿಗೆ ತನ್ನಿ. ಗ್ರಾಹಕರ ವೈಯಕ್ತಿಕ ಮಾಹಿತಿಯಂತೂ ಸ್ವಂತ ಖಾತೆಯ ಸರ್ವರ್‌ಗೆ ಬರಲೇಕೂಡದು.

ಹಣದ ವಿಷಯದಲ್ಲಿ ಒಂದೇ ಮಾತು: ಸರ್ವರನ್ನು ಪವರ್ ಆಫ್ ಮಾಡಿದರೂ ಹಲವು ಕಡೆ ಬಿಲ್ ಓಡುತ್ತಲೇ ಇರುತ್ತದೆ, ಡಿಸ್ಕ್ ಮತ್ತು ವಿಳಾಸ ನಿಮ್ಮ ಹೆಸರಿನಲ್ಲೇ ಇರುವುದರಿಂದ. ಪರೀಕ್ಷೆಗೆಂದು ಗಂಟೆ ಲೆಕ್ಕದಲ್ಲಿ ಎಬ್ಬಿಸಿದ್ದನ್ನು ಅಳಿಸಿಯೇ ಬಿಡಿ.

ಬಿಳಿಪರದೆ:

ಎಲ್ಲರಿಗೂ ತುಂಬಾ ಧನ್ಯವಾದ. ಸ್ವಾಪ್, ಎಸ್‌ಎಸ್‌ಎಚ್ ಮುಗಿಯಿತು. 50ರ ಫೈಲ್ ಹೇಳಿದಂತೆಯೇ ಅಲ್ಲಿತ್ತು. ವೈರ್‌ಗಾರ್ಡ್ ಹ್ಯಾಂಡ್‌ಶೇಕ್ ಆಗುತ್ತಿದೆ, ಲ್ಯಾಬ್‌ಗೆ ಪಿಂಗ್ ಹೋಗುತ್ತಿದೆ, ಎಸ್‌ಎಸ್‌ಎಚ್ ಕೂಡ ಬರುತ್ತಿದೆ. ಆದರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದಾಗ ಲ್ಯಾನ್‌ನಲ್ಲಿರುವ ಸ್ಟೋರೇಜ್ ಬಾಕ್ಸ್‌ನ ವೆಬ್ ಪುಟ ಅರ್ಧ ತೆರೆದು ನಿಂತುಬಿಡುತ್ತದೆ. ದೊಡ್ಡ ಲಾಗ್ ಫೈಲ್ ತೆರೆದರೆ ಎಸ್‌ಎಸ್‌ಎಚ್ ಕೂಡ ಹೆಪ್ಪುಗಟ್ಟುತ್ತದೆ.

ತಂತಿಜಾಲ:

ಸಣ್ಣ ಪ್ಯಾಕೆಟ್ ದಾಟಿ ದೊಡ್ಡದು ಸಾಯುತ್ತಿದೆ, ಇದು ಎಂಟಿಯು ತೊಂದರೆ; ಎಂಟಿಯು ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4 ಮೇಲೆ 60 ಬೈಟ್, ಐಪಿವಿ6 ಮೇಲೆ 80 ಬೈಟ್ ತೆಗೆದುಕೊಳ್ಳುತ್ತದೆ. 1500ರಲ್ಲಿ 80 ಕಳೆದು 1420 ಎಂದು ತಾನೇ ಇಟ್ಟುಕೊಂಡಿರುತ್ತದೆ. ಮೊಬೈಲ್ ದಾರಿಯಲ್ಲಿ 1500 ಸಿಗದಿದ್ದರೆ ಹೊರ ಪ್ಯಾಕೆಟ್ ತುಂಡಾಗುತ್ತದೆ, ಆ ತುಂಡುಗಳನ್ನು ನಡುವೆ ಯಾರೋ ಬಿಸಾಡುತ್ತಿದ್ದಾರೆ.

ಹಾಟ್‌ಸ್ಪಾಟ್‌ನಲ್ಲಿದ್ದುಕೊಂಡೇ ಅಳೆಯಿರಿ. ತುಂಡಾಗಬಾರದು ಎಂಬ ಆಯ್ಕೆ ಕೊಟ್ಟು 10.66.0.2ಕ್ಕೆ 1392 ಗಾತ್ರದ ಪಿಂಗ್ ಕಳಿಸಿ; ಅದಕ್ಕೆ ಹೆಡರ್‌ನ 28 ಸೇರಿ 1420. ಉತ್ತರ ಬರದಿದ್ದರೆ 20ರಂತೆ ಇಳಿಸುತ್ತ ಹೋಗಿ. 1352ಕ್ಕೆ ಬಂದರೆ ನಿಮ್ಮ ಎಂಟಿಯು 1380. ಅಳೆಯುವ ತಾಳ್ಮೆ ಇಲ್ಲದಿದ್ದರೆ ನೇರ 1280 ಇಡಿ, ವೇಗದಲ್ಲಿ ಆಗುವ ನಷ್ಟ ಸ್ವಲ್ಪವೇ. ಮೂರೂ ಕಡೆಯ ಇಂಟರ್‌ಫೇಸ್ ಭಾಗದಲ್ಲಿ ಅದೇ ಮೌಲ್ಯ ಬರೆದು ಟನಲ್ ಇಳಿಸಿ ಏರಿಸಿ.

ಸ್ಟೋರೇಜ್ ಬಾಕ್ಸ್‌ನ ಎಂಟಿಯು ಇನ್ನೂ 1500 ಇರುವುದರಿಂದ ಲ್ಯಾಬ್ ಮೆಷಿನ್‌ನಲ್ಲಿ ಇನ್ನೊಂದು ನಿಯಮ ಬೇಕು: ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್, ಫಾರ್ವರ್ಡ್ ಚೈನ್, ಟಿಸಿಪಿ ಸಿನ್ (ಕನೆಕ್ಷನ್ ಶುರುಮಾಡುವ) ಪ್ಯಾಕೆಟ್‌ಗಳಿಗೆ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬಬಹುದಾದ ಡೇಟಾದ ಮಿತಿ) ಅನ್ನು ಪಾತ್ ಎಂಟಿಯುಗೆ ಹೊಂದಿಸುವ ಕ್ಲ್ಯಾಂಪ್. ವೈರ್‌ಗಾರ್ಡ್ ಕಾನ್ಫಿಗ್‌ನ ಪೋಸ್ಟ್‌ಅಪ್ ಸಾಲಿನಲ್ಲಿ ಸೇರಿಸುವುದನ್ನು, ಪೋಸ್ಟ್‌ಡೌನ್‌ನಲ್ಲಿ ತೆಗೆಯುವುದನ್ನು ಬರೆಯಿರಿ. ಹಾಕಿದ ಮೇಲೆ ಬ್ರೌಸರ್‌ನ ಹಳೆಯ ಟ್ಯಾಬ್ ಮುಚ್ಚಿ ಹೊಸದಾಗಿ ತೆರೆಯಿರಿ. ಎಂಎಸ್‌ಎಸ್ ನಿಗದಿಯಾಗುವುದು ಕನೆಕ್ಷನ್ ಶುರುವಾಗುವಾಗ ಮಾತ್ರ, ಆಗಲೇ ನಿಂತಿರುವ ಕನೆಕ್ಷನ್ ಇದರಿಂದ ಸರಿಯಾಗುವುದಿಲ್ಲ.